ಮದುವೆಯಲ್ಲಿ ಮುಗಿಯದ ಕಥೆಗಳು

ಓದುಗರೇ, ಹಳೆಯ ಕನ್ನಡ ಚಿತ್ರವೊಂದರ ಕೊನೆಯ ನಿಮಿಷವನ್ನು ಒಮ್ಮೆ ನೆನಪಿಸಿಕೊಳ್ಳಿ. ಖಳನಾಯಕ ಪೊಲೀಸರ ವಶವಾಗಿದ್ದಾನೆ, ದೂರವಾಗಿದ್ದ ಅಣ್ಣತಮ್ಮಂದಿರು ಒಂದಾಗಿದ್ದಾರೆ, ನಾಯಕ ನಾಯಕಿಯರು ಹಾರ ಬದಲಾಯಿಸಿಕೊಂಡು ನಿಂತಿದ್ದಾರೆ. ಮನೆಮಂದಿಯೆಲ್ಲ ನಗುತ್ತಿರುವಾಗ ತೆರೆಯ ಮೇಲೆ ‘ಶುಭಂ’ ಎಂಬ ಅಕ್ಷರಗಳು ಮೂಡುತ್ತವೆ. ಮದುವೆಯಾಯಿತೆಂದರೆ ಕಥೆ ಮುಗಿಯಿತು. ಇದನ್ನೇ ತಿರುವಿ ಹೇಳುವುದಾದರೆ, ಕಥೆ ಮುಗಿಯಬೇಕಾದರೆ ಮದುವೆಯಾಗಬೇಕು. ಈ ಲೆಕ್ಕಾಚಾರ ನಮ್ಮ ಚಿತ್ರರಂಗಕ್ಕೆ ಮಾತ್ರ ಸೇರಿದ್ದಲ್ಲ. ಜಗತ್ತಿನ ಬಹುಪಾಲು ಕಥೆಗಾರರು ಶತಮಾನಗಳಿಂದ ಇದೇ ಲೆಕ್ಕ ಮಾಡುತ್ತ ಬಂದಿದ್ದಾರೆ.

ಹಾಗಾದರೆ ಯಾರ ಮೇಲೂ ಅಂಥ ಆಸೆಯೇ ಹುಟ್ಟದ ಮನುಷ್ಯನ ಕಥೆ ಹೇಗೆ ಮುಗಿಯಬೇಕು? ಇಂದಿನ ಬರಹದ ವಿಷಯ ಇದು. ಕಾರ್ಯಕ್ರಮದ ಅರ್ಧ ಗಂಟೆಯಲ್ಲಿ ಇದರ ಇತಿಹಾಸವನ್ನು ಹೇಳಿ ಮುಗಿಸುವುದು ಸಾಧ್ಯವಿಲ್ಲವಾದ್ದರಿಂದ ಈ ಪುಟಗಳಲ್ಲಿ ನಿಮ್ಮೊಂದಿಗೆ ನಿಧಾನವಾಗಿ ಹಂಚಿಕೊಳ್ಳುತ್ತಿದ್ದೇನೆ.

ಮೊದಲಿಗೆ ನನ್ನದೇ ಒಂದು ತಪ್ಪನ್ನು ಹೇಳಿಬಿಡುವುದು ಒಳ್ಳೆಯದು. ಹಲವು ವರ್ಷಗಳ ಹಿಂದೆ ನಾನೊಂದು ಧಾರಾವಾಹಿಯ ಹೊಣೆ ಹೊತ್ತಿದ್ದೆ. ಅದರಲ್ಲಿ ನಲವತ್ತು ದಾಟಿದ ವಿಜ್ಞಾನ ಶಿಕ್ಷಕಿಯೊಬ್ಬಳ ಪಾತ್ರವಿತ್ತು. ಆಕೆಗೆ ಮದುವೆಯಲ್ಲಾಗಲಿ ಪ್ರೇಮದಲ್ಲಾಗಲಿ ಆಸಕ್ತಿಯಿಲ್ಲ. ಚಿತ್ರಕಥೆ ಬರೆದವರು ಅದಕ್ಕೆ ಯಾವ ಕಾರಣವನ್ನೂ ಕೊಟ್ಟಿರಲಿಲ್ಲ. ಸತ್ತುಹೋದ ಪ್ರಿಯಕರನಿಲ್ಲ, ಕೈಕೊಟ್ಟವನಿಲ್ಲ, ತಮ್ಮತಂಗಿಯರನ್ನು ಸಾಕುವ ತ್ಯಾಗವೂ ಇಲ್ಲ. ‘ವೀಕ್ಷಕರು ಯಾಕೆ ಎಂದು ಕೇಳುತ್ತಾರಲ್ಲ, ಏನಾದರೂ ಕಾರಣ ಕೊಡಿ’ ಎಂದು ನಾನು ಪಟ್ಟು ಹಿಡಿದೆ. ಮೊದಲು ಒಂದು ಮುರಿದ ಪ್ರೇಮದ ನೆನಪು ಸೇರಿತು. ಕೊನೆಯ ನಾಲ್ಕು ಕಂತುಗಳಲ್ಲಿ ಹೆಂಡತಿಯನ್ನು ಕಳೆದುಕೊಂಡ ಒಬ್ಬ ಮುಖ್ಯೋಪಾಧ್ಯಾಯರು ಬಂದರು. ದೇವಸ್ಥಾನದಲ್ಲಿ ಸರಳ ವಿವಾಹವೂ ಆಯಿತು. ಪ್ರಸಾರವಾದ ಮರುವಾರ ಒಂದು ಕಾರ್ಡು ಬಂತು. ಬರೆದವರು ನಿವೃತ್ತಿ ಹೊಂದಿದ ಒಬ್ಬ ಹಿರಿಯ ಮಹಿಳೆ. ‘ನಾಲ್ಕು ತಿಂಗಳು ಆಕೆ ನನ್ನ ಹಾಗೇ ಇದ್ದಳು. ಕೊನೆಗೆ ನೀವೂ ಅವಳಿಗೆ ಮದುವೆ ಮಾಡಿಬಿಟ್ಟಿರಿ.’ ಇಷ್ಟೇ. ಅದಕ್ಕೆ ನಾನು ಉತ್ತರ ಬರೆಯಲಿಲ್ಲ. ಏನು ಬರೆಯಬೇಕೆಂದೇ ತೋಚಲಿಲ್ಲ.

ಪದದ ಸಮಸ್ಯೆ

ಇಂಥವರನ್ನು ಇಂಗ್ಲಿಷಿನಲ್ಲಿ ಅಸೆಕ್ಷುಯಲ್ ಎನ್ನುತ್ತಾರೆ. ಕನ್ನಡದಲ್ಲಿ ‘ಅಲೈಂಗಿಕ’ ಎಂಬ ಮಾತು ಬಳಕೆಗೆ ಬಂದಿದೆ. ಆದರೆ ವಿಜ್ಞಾನ ಓದಿದ ನಮ್ಮಂಥವರಿಗೆ ಆ ಪದ ಕೇಳಿದೊಡನೆ ಪ್ರೌಢಶಾಲೆಯ ಜೀವಶಾಸ್ತ್ರದ ಪಾಠ ನೆನಪಾಗುತ್ತದೆ. ಹೈಡ್ರಾ ಮೊಗ್ಗೊಡೆಯುವುದು, ಅಮೀಬಾ ಸೀಳಿ ಎರಡಾಗುವುದು, ಇವೆಲ್ಲ ಅಲೈಂಗಿಕ ಸಂತಾನೋತ್ಪತ್ತಿಯ ಉದಾಹರಣೆಗಳು. ಮನುಷ್ಯರ ವಿಚಾರದಲ್ಲಿ ಪದದ ಅರ್ಥವೇ ಬೇರೆ. ಅದು ದೇಹರಚನೆಗೆ ಸಂಬಂಧಿಸಿದ್ದಲ್ಲ, ಸಂತಾನಶಕ್ತಿಗೆ ಸಂಬಂಧಿಸಿದ್ದೂ ಅಲ್ಲ. ಗಂಡಾಗಲಿ ಹೆಣ್ಣಾಗಲಿ, ಯಾರ ಕಡೆಗೂ ಲೈಂಗಿಕ ಸೆಳೆತ ಉಂಟಾಗದಿರುವುದು ಅಥವಾ ಬಹಳ ಅಪರೂಪವಾಗಿ ಮಾತ್ರ ಉಂಟಾಗುವುದು, ಇಷ್ಟೇ ಅದರ ಅರ್ಥ. ಇವರಲ್ಲಿ ಕೆಲವರಿಗೆ ಪ್ರೀತಿ ಹುಟ್ಟುತ್ತದೆ, ಜೊತೆಗಾರರು ಬೇಕೆನಿಸುತ್ತದೆ. ಇನ್ನು ಕೆಲವರಿಗೆ ಪ್ರೇಮಭಾವವೂ ಹುಟ್ಟುವುದಿಲ್ಲ. ಅವರಿಗೆ ಅರೋಮ್ಯಾಂಟಿಕ್ ಎಂಬ ಬೇರೆ ಹೆಸರಿದೆ.

ಬ್ರಹ್ಮಚರ್ಯಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ಭೀಷ್ಮನದು ಪ್ರತಿಜ್ಞೆ. ಆಸೆಯಿರುವ ಕಡೆ ಅದನ್ನು ಗೆಲ್ಲುವುದು ಅದರ ಹಿರಿಮೆ, ಆದ್ದರಿಂದಲೇ ಅದು ಭೀಷಣವೆನಿಸಿತು. ಅಲೈಂಗಿಕರಿಗೆ ಗೆಲ್ಲಲು ಎದುರಾಳಿಯೇ ಇಲ್ಲ. ಸಂಗೀತ ರುಚಿಸದವನನ್ನು ಸಂಗೀತತ್ಯಾಗಿ ಎಂದು ಕರೆಯುತ್ತೇವೆಯೇ? ತ್ಯಾಗಿಯ ಪಟ್ಟವೂ ಅವರಿಗೆ ಸಲ್ಲುವುದಿಲ್ಲ, ರೋಗಿಯ ಪಟ್ಟವೂ ಸಲ್ಲುವುದಿಲ್ಲ. ಕಥೆಗಾರರ ಕಷ್ಟ ಇಲ್ಲಿಂದಲೇ ಶುರುವಾಗುತ್ತದೆ.

ಲೆಕ್ಕದ ಯಂತ್ರ ಮತ್ತು ರಂಗದ ಮದುವೆ

1887ರಲ್ಲಿ ಸರ್ ಆರ್ಥರ್ ಕಾನನ್ ಡಾಯ್ಲ್ ಅವರ ಷರ್ಲಾಕ್ ಹೋಮ್ಸ್ ಓದುಗರ ಮುಂದೆ ಬಂದ. ಪ್ರೇಮವೆಂಬುದು ತರ್ಕಬುದ್ಧಿಯೊಳಗೆ ಬಿದ್ದ ಮರಳಿನಂತೆ ಎಂದು ನಂಬಿದವನು ಅವನು. 1891ರಲ್ಲಿ ಪ್ರಕಟವಾದ ಕಥೆಯಲ್ಲಿ ಐರೀನ್ ಆಡ್ಲರ್ ಎಂಬ ಜಾಣೆ ಅವನನ್ನು ಸೋಲಿಸುತ್ತಾಳೆ. ಅವನ ಮನಸ್ಸಿನಲ್ಲಿ ಆಕೆಗೆ ಎತ್ತರದ ಸ್ಥಾನವಿದೆ. ಆದರೆ ಅದು ಪ್ರೇಮವಲ್ಲವೆಂದು ಡಾಕ್ಟರ್ ವಾಟ್ಸನ್ ಆರಂಭದಲ್ಲಿಯೇ ಸ್ಪಷ್ಟಪಡಿಸಿಬಿಡುತ್ತಾನೆ. ಮರುವರ್ಷ ಕಾನನ್ ಡಾಯ್ಲ್ ತಮ್ಮ ಗುರು ಡಾಕ್ಟರ್ ಜೋಸೆಫ್ ಬೆಲ್ ಅವರಿಗೆ ಬರೆದ ಪತ್ರದಲ್ಲಿ ಹೋಮ್ಸನನ್ನು ಚಾರ್ಲ್ಸ್ ಬ್ಯಾಬೇಜರ ಲೆಕ್ಕದ ಯಂತ್ರಕ್ಕೆ ಹೋಲಿಸಿದರು. ಯಂತ್ರ ಎಷ್ಟು ಪ್ರೀತಿಸೀತೋ ಇವನೂ ಅಷ್ಟೇ ಎಂಬುದು ಅದರ ತಾತ್ಪರ್ಯ.

ಗಮನಿಸಿ, ಪ್ರೇಮವಿಲ್ಲದ ಮನುಷ್ಯನನ್ನು ವಿವರಿಸಲು ಆತನ ಸೃಷ್ಟಿಕರ್ತನಿಗೇ ಯಂತ್ರದ ಉಪಮೆ ಬೇಕಾಯಿತು. ಆದರೆ ಹೋಮ್ಸ್ ಯಂತ್ರವಾಗಿದ್ದನೇ? ವಾಟ್ಸನ್ನನ ಮೇಲಿನ ಅವನ ಸ್ನೇಹ, ಪಿಟೀಲಿನ ಹುಚ್ಚು, ನೊಂದವರ ಬಗ್ಗೆ ಅವನಿಗಿದ್ದ ಕಳಕಳಿ ಇವೆಲ್ಲ ಯಂತ್ರದ ಲಕ್ಷಣಗಳಲ್ಲ.

ಮುಂದೆ ನಡೆದದ್ದು ನಮ್ಮಂಥ ನಿರ್ಮಾಪಕರು ನೆನಪಿಡಬೇಕಾದ ಪ್ರಸಂಗ. ಅಮೆರಿಕದ ನಟ ವಿಲಿಯಂ ಜಿಲೆಟ್ ಹೋಮ್ಸನನ್ನು ರಂಗಕ್ಕೆ ತರಲು ಹೊರಟರು. ಹೋಮ್ಸನಿಗೆ ಮದುವೆ ಮಾಡಿಸಬಹುದೇ ಎಂದು ತಂತಿ ಕಳಿಸಿ ಕೇಳಿದರು. ಮದುವೆಯನ್ನಾದರೂ ಮಾಡಿಸಿ, ಕೊಲೆಯನ್ನಾದರೂ ಮಾಡಿಸಿ, ನಿಮ್ಮ ಇಷ್ಟ ಎಂಬರ್ಥದ ಉತ್ತರ ಬಂತು. 1899ರಲ್ಲಿ ಪ್ರದರ್ಶನಗೊಂಡ ನಾಟಕದಲ್ಲಿ ಹೋಮ್ಸ್ ಆಲಿಸ್ ಫಾಕ್ನರ್ ಎಂಬ ತರುಣಿಗೆ ಮನಸೋಲುತ್ತಾನೆ. ನಾಟಕ ಭರ್ಜರಿಯಾಗಿ ನಡೆಯಿತು. ಪುಸ್ತಕದಲ್ಲಿ ಒಬ್ಬಂಟಿಯಾಗಿ ಸುಖವಾಗಿದ್ದವನು ರಂಗದ ಮೇಲೆ ಬಂದೊಡನೆ ಜೋಡಿಯಾಗಬೇಕಾಯಿತು. ನಾನು ನನ್ನ ಶಿಕ್ಷಕಿಗೆ ಮಾಡಿದ್ದೂ ಇದನ್ನೇ. ನೂರು ವರ್ಷಗಳಿಗೂ ಹೆಚ್ಚು ಹಳೆಯದಾದ ಚಾಳಿಯದು!

ವಿಜ್ಞಾನದ ಎಕ್ಸ್

ವಿಜ್ಞಾನವಾದರೂ ಇವರನ್ನು ಕಂಡಿತೇ ಎಂದು ನೀವು ಕೇಳಬಹುದು. ಕಂಡಿತು, ಆದರೆ ಕಂಡೂ ಪಕ್ಕಕ್ಕಿಟ್ಟಿತು. 1948ರಲ್ಲಿ ಅಮೆರಿಕದ ಆಲ್ಫ್ರೆಡ್ ಕಿನ್ಸಿ ಮತ್ತು ಸಂಗಡಿಗರು ಮನುಷ್ಯರ ಲೈಂಗಿಕ ಒಲವನ್ನು ಅಳೆಯಲು 0ರಿಂದ 6ರವರೆಗಿನ ಅಳತೆಪಟ್ಟಿಯೊಂದನ್ನು ಮುಂದಿಟ್ಟರು. ಪೂರ್ತಿಯಾಗಿ ವಿರುದ್ಧ ಲಿಂಗದವರತ್ತ ಒಲಿದವರು 0, ಪೂರ್ತಿಯಾಗಿ ಸ್ವಲಿಂಗದವರತ್ತ ಒಲಿದವರು 6. ಈ ಪಟ್ಟಿಯಲ್ಲಿ ಎಲ್ಲಿಯೂ ಹೊಂದದ, ಯಾವ ಸೆಳೆತವನ್ನೂ ತೋರದ ಕೆಲವರು ಸಿಕ್ಕರು. ಅವರಿಗೆ ‘ಎಕ್ಸ್’ ಎಂಬ ಅಕ್ಷರ ಕೊಟ್ಟು ಪಟ್ಟಿಯ ಹೊರಗಿರಿಸಿದರು. ಬೀಜಗಣಿತದಲ್ಲಿ ಎಕ್ಸ್ ಎಂದರೆ ಬೆಲೆ ಕಂಡುಹಿಡಿಯಬೇಕಾದ ಸಂಖ್ಯೆ. ಈ ಎಕ್ಸ್‌ನ ಬೆಲೆ ಕಂಡುಹಿಡಿಯಲು ಮಾತ್ರ ಬಹುಕಾಲ ಹೆಚ್ಚಿನವರು ಯತ್ನಿಸಲಿಲ್ಲ.

2004ರಲ್ಲಿ ಕೆನಡಾದ ಮನಶ್ಶಾಸ್ತ್ರಜ್ಞ ಆಂಟನಿ ಬೋಗಾರ್ಟ್, ಬ್ರಿಟನ್ನಿನಲ್ಲಿ ಅದಾಗಲೇ ನಡೆದಿದ್ದ ಸಮೀಕ್ಷೆಯೊಂದರ ಅಂಕಿಅಂಶಗಳನ್ನು ಮತ್ತೆ ತೆರೆದು ನೋಡಿದರು. ಉತ್ತರಿಸಿದ್ದವರು 18,000ಕ್ಕೂ ಹೆಚ್ಚು ಮಂದಿ. ಯಾರ ಕಡೆಗೂ ತಮಗೆ ಎಂದೂ ಲೈಂಗಿಕ ಸೆಳೆತ ಉಂಟಾಗಿಲ್ಲ ಎಂದವರು ಸುಮಾರು ಶೇಕಡ 1. ನೂರಕ್ಕೆ ಒಬ್ಬರೆಂದರೆ ಕಡಿಮೆ ಎನಿಸಬಹುದು. ಒಂದು ದೊಡ್ಡ ಮದುವೆಯ ಊಟದ ಪಂಕ್ತಿಗಳನ್ನು ಎಣಿಸಿ ನೋಡಿ, ಆ ಲೆಕ್ಕದಲ್ಲಿ ನಾಲ್ಕೈದು ಮಂದಿಯಾದರೂ ಅಲ್ಲೇ ಕುಳಿತಿರುತ್ತಾರೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿಯಲ್ಲಿ, ತಾನು ಅಲೈಂಗಿಕ ಎಂದು ಗುರುತಿಸಿಕೊಳ್ಳುವ ವ್ಯಕ್ತಿಗೆ ಕಾಮಾಸಕ್ತಿ ಕೊರತೆಯ ಕಾಯಿಲೆಯ ಹೆಸರು ಹಚ್ಚಬಾರದೆಂದು ತಿಳಿಸಿತು.

ಮಂಗಾ: ಕಲ್ಲಾಗದ ಹುಡುಗ

ಈಗ ಜಪಾನಿಗೆ ಹೋಗೋಣ. ಈ ವಿಷಯದಲ್ಲಿ ಕಥನದ ದೊಡ್ಡ ಹೆಜ್ಜೆಗಳನ್ನು ಇಟ್ಟ ನಾಡುಗಳಲ್ಲಿ ಅದೂ ಒಂದು. ಅಲ್ಲಿನ ಚಿತ್ರಕಥೆಗಳಿಗೆ ಮಂಗಾ ಎಂದು ಹೆಸರು. ನಮ್ಮಲ್ಲಿ ಚಿತ್ರಕಥೆ ಎಂದರೆ ಮಕ್ಕಳ ಓದು ಎಂಬ ಭಾವನೆಯಿದೆ. ಜಪಾನಿನಲ್ಲಿ ಬಾಲಕರಿಗೆ, ಬಾಲಕಿಯರಿಗೆ, ಕಚೇರಿಗೆ ಹೋಗುವ ದೊಡ್ಡವರಿಗೆ ಬೇರೆ ಬೇರೆ ಮಂಗಾ ಪತ್ರಿಕೆಗಳಿವೆ. ನಮ್ಮ ವಾರಪತ್ರಿಕೆಗಳ ಧಾರಾವಾಹಿ ಕಾದಂಬರಿಯಂತೆ ಅವು ಕಂತು ಕಂತಾಗಿ ಬಂದು ನಂತರ ಪುಸ್ತಕವಾಗುತ್ತವೆ.

1997ರಲ್ಲಿ ಎಯಿಚಿರೋ ಓಡಾ ಅವರ ‘ಒನ್ ಪೀಸ್’ ಒಂದು ಬಾಲಕರ ವಾರಪತ್ರಿಕೆಯಲ್ಲಿ ಆರಂಭವಾಯಿತು. ಅದರ ನಾಯಕ ಲೂಫಿ ಎಂಬ ಕಡಲ್ಗಳ್ಳ ಹುಡುಗ. ಅವನ ಮುಂದೆ ಬೋವಾ ಹ್ಯಾಂಕಾಕ್ ಎಂಬ ಲೋಕಸುಂದರಿ ಬಂದು ನಿಲ್ಲುತ್ತಾಳೆ. ಆಕೆಯ ಶಕ್ತಿ ವಿಚಿತ್ರವಾದದ್ದು. ಆಕೆಯನ್ನು ಕಂಡು ಮೋಹಗೊಂಡವರು ಕಲ್ಲಾಗುತ್ತಾರೆ. ಲೂಫಿಗೆ ಏನೂ ಆಗುವುದಿಲ್ಲ! ಅವನಲ್ಲಿ ಆ ಮೋಹವೇ ಇಲ್ಲವಲ್ಲ. ನಮ್ಮ ಪುರಾಣದ ಅಪ್ಸರೆಯರ ಕಥೆ ಬಲ್ಲವರಿಗೆ ಈ ಸನ್ನಿವೇಶದ ಸೊಗಸು ಒಡನೆಯೇ ತಿಳಿಯುತ್ತದೆ. ಇಲ್ಲಿ ತಪಸ್ಸಿನ ಬಲವಿಲ್ಲ, ಇಂದ್ರಿಯನಿಗ್ರಹವಿಲ್ಲ. ಹುಡುಗನಿಗೆ ಬೇಕಾದದ್ದು ಮಾಂಸದೂಟ, ಗೆಳೆಯರು ಮತ್ತು ಸಮುದ್ರ. ಆದರೆ ಅವನನ್ನು ಅಲೈಂಗಿಕ ಎಂದು ಕಥೆ ಎಲ್ಲಿಯೂ ಹೆಸರಿಸುವುದಿಲ್ಲ. ಸಾಹಸದ ಕಥೆಯಲ್ಲಿ ಪ್ರೇಮಕ್ಕೆ ಎಡೆಯಿಲ್ಲವೆಂದು ಓದುಗ ಅಂದುಕೊಳ್ಳಬಹುದು. ಹರುಕೊ ಇಚಿಕಾವಾ ಅವರ ‘ಹೋಸೆಕಿ ನೋ ಕುನಿ’ (2012ರಿಂದ 2024) ಎಂಬ ಮಂಗಾದ ರತ್ನಜೀವಿಗಳಿಗಂತೂ ಲಿಂಗವೇ ಇಲ್ಲ. ಅದು ಮನುಷ್ಯರ ಮಾತಲ್ಲವಾದ್ದರಿಂದ ನಮ್ಮ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಹೀಗೆ ಬಾಲ್ಯ, ಸಾಹಸ, ಅನ್ಯಲೋಕ ಎಂಬ ಮೂರು ನೆರಳುಗಳಲ್ಲಿ ಈ ಪಾತ್ರಗಳು ಬದುಕಿದ್ದವು. ಪ್ರಾಯಕ್ಕೆ ಬಂದ ಸಾಮಾನ್ಯ ಮನುಷ್ಯನೊಬ್ಬ, ಬಾಡಿಗೆ ಕಟ್ಟಿ ಕೆಲಸಕ್ಕೆ ಹೋಗುವವನು, ಹೀಗಿರಬಲ್ಲನೇ ಎಂಬುದನ್ನು ಕಥೆ ಇನ್ನೂ ಕೇಳಿರಲಿಲ್ಲ.

ಹೆಸರು ಸಿಕ್ಕ ಮೇಲೆ

ಆ ಪ್ರಶ್ನೆ ಜಪಾನಿನಲ್ಲಿ ಬಲವಾಗಿ ಎದ್ದುದಕ್ಕೆ ಸಾಮಾಜಿಕ ಕಾರಣವೂ ಇದೆಯೆಂದು ನನಗೆ ತೋರುತ್ತದೆ. ನಮ್ಮಲ್ಲಿ ಹುಡುಗಿ ನೋಡುವ ಶಾಸ್ತ್ರವಿರುವಂತೆ ಅಲ್ಲಿ ‘ಒಮಿಯಾಯಿ’ ಎಂಬ ಪದ್ಧತಿಯಿದೆ. 1960ರ ದಶಕದ ಕೊನೆಯ ಹೊತ್ತಿಗೆ ಪ್ರೇಮವಿವಾಹಗಳ ಸಂಖ್ಯೆ ಇದನ್ನು ಮೀರಿತು. ಹಿರಿಯರು ಗೊತ್ತು ಮಾಡುವ ಮದುವೆಯಲ್ಲಿ ‘ನಿನಗೆ ಪ್ರೀತಿ ಹುಟ್ಟಿತೇ’ ಎಂದು ಯಾರೂ ಕೇಳುತ್ತಿರಲಿಲ್ಲ. ಪ್ರೀತಿಯೇ ಮದುವೆಯ ಅರ್ಹತೆಯಾದಾಗ, ಅದು ಹುಟ್ಟದವರು ಮೊದಲ ಬಾರಿಗೆ ಪರೀಕ್ಷೆಯಲ್ಲಿ ನಪಾಸಾದಂತೆ ಕಾಣತೊಡಗಿದರು. 2020ರ ಜನಗಣತಿಯ ಪ್ರಕಾರ ಐವತ್ತರ ವಯಸ್ಸಿಗೆ ಒಮ್ಮೆಯೂ ಮದುವೆಯಾಗದವರು ಗಂಡಸರಲ್ಲಿ ಸುಮಾರು ಶೇಕಡ 28, ಹೆಂಗಸರಲ್ಲಿ ಸುಮಾರು ಶೇಕಡ 18. ಇವರೆಲ್ಲ ಅಲೈಂಗಿಕರೆಂದಲ್ಲ. ದುಡ್ಡು, ಕೆಲಸ, ಇಷ್ಟಾನಿಷ್ಟ ಹೀಗೆ ಕಾರಣಗಳು ನೂರಿವೆ. ಆದರೆ ಇಷ್ಟೊಂದು ಜನ ಒಂಟಿಯಾಗಿರುವ ಸಮಾಜದಲ್ಲಿ ಒಂಟಿತನದ ಕಥೆ ಕೇಳುವ ಕಿವಿಗಳು ಹೆಚ್ಚಾದವು.

2016ರಲ್ಲಿ ಸಯಾಕಾ ಮುರಾತಾ ಅವರ ‘ಕೊನ್ಬಿನಿ ನಿಂಗೆನ್’ ಕಾದಂಬರಿಗೆ ಪ್ರತಿಷ್ಠಿತ ಅಕುತಾಗಾವಾ ಪ್ರಶಸ್ತಿ ಬಂತು. ಹಗಲೂ ರಾತ್ರಿಯೂ ತೆರೆದಿರುವ ಅಂಗಡಿಯಲ್ಲಿ 18 ವರ್ಷ ದುಡಿದ, 36 ವಯಸ್ಸಿನ ಕೇಯ್ಕೊ ಅದರ ನಾಯಕಿ. ಜನರ ಬಾಯಿ ಮುಚ್ಚಿಸಲು ಆಕೆ ಒಬ್ಬ ಸೋಮಾರಿ ಗಂಡಸನ್ನು ಮನೆಯಲ್ಲಿಟ್ಟುಕೊಳ್ಳುತ್ತಾಳೆ. ಅವನು ಎಂಥವನೆಂದು ತಿಳಿಯುವ ಮೊದಲೇ ತಂಗಿ ಸಂತೋಷದಿಂದ ಕುಣಿಯುತ್ತಾಳೆ! ಒಂಟಿಯಾಗಿ ನೆಮ್ಮದಿಯಿಂದಿದ್ದ ಅಕ್ಕನಿಗಿಂತ ಅಯೋಗ್ಯನೊಡನಿರುವ ಅಕ್ಕನೇ ಆಕೆಗೆ ಅರ್ಥವಾಗುತ್ತಾಳೆ. ಕೊನೆಯಲ್ಲಿ ಕೇಯ್ಕೊ ಅವನನ್ನು ಬಿಟ್ಟು ಅಂಗಡಿಯ ಬದುಕಿಗೇ ಮರಳುತ್ತಾಳೆ. ಇಲ್ಲಿಯೂ ಹೆಸರಿಲ್ಲ, ಆದರೆ ಮುಕ್ತಾಯ ಮಾತ್ರ ಹೊಸದು.

ಹೆಸರನ್ನೂ ಮುಖ್ಯ ಪಾತ್ರವನ್ನೂ ಒಟ್ಟಿಗೆ ತಂದವರು ಮಂಗಾಕಾರರು. ತಾವೂ ಅಲೈಂಗಿಕರೆಂದು ಬಹಿರಂಗವಾಗಿ ಹೇಳಿಕೊಂಡಿರುವ ಯೂಕಿ ಕಮಾತಾನಿ 2015ರಿಂದ 2018ರವರೆಗೆ ‘ಶಿಮಾನಾಮಿ ತಸೊಗಾರೆ’ ಎಂಬ ನಾಲ್ಕು ಸಂಪುಟಗಳ ಕೃತಿ ರಚಿಸಿದರು. ಕಥೆ ನಡೆಯುವುದು ಹಿರೋಶಿಮಾ ಪ್ರಾಂತ್ಯದ ಒನೊಮಿಚಿ ಎಂಬ ಬಂದರು ಪಟ್ಟಣದಲ್ಲಿ. ತನ್ನ ಗುಟ್ಟು ಬಯಲಾಯಿತೆಂದು ಕಂಗೆಟ್ಟ ತಸುಕು ಎಂಬ ಶಾಲಾ ಹುಡುಗ, ಬೆಟ್ಟದ ಮೇಲಿನ ಒಂದು ಮಾತುಕತೆಯ ಕೋಣೆಗೆ ಬರುತ್ತಾನೆ. ಅದರ ಒಡತಿಯನ್ನು ಎಲ್ಲರೂ ಕರೆಯುವುದು ‘ದಾರೆಕಾ-ಸಾನ್’, ಅಂದರೆ ‘ಯಾರೋ ಒಬ್ಬರು’ ಎಂದು. ಬಂದವರು ಏನು ಬೇಕಾದರೂ ಹೇಳಿಕೊಳ್ಳಬಹುದು, ಆದರೆ ಆಕೆ ಕೆದಕಿ ಕೇಳುವುದಿಲ್ಲ. ಆಕೆಗೆ ಯಾರ ಮೇಲೂ ಆ ಬಗೆಯ ಸೆಳೆತವಿಲ್ಲವೆಂಬುದು ಓದುಗರಿಗೆ ತಡವಾಗಿ, ಸದ್ದಿಲ್ಲದೆ ತಿಳಿಯುತ್ತದೆ. ಹೋಮ್ಸನಂತೆ ಇವಳೂ ನಿಗೂಢ. ಆದರೆ ಇವಳ ನಿಗೂಢತೆಯನ್ನು ಯಾರೂ ಬಿಡಿಸಲು ಹೋಗುವುದಿಲ್ಲ, ಅದರ ಅಗತ್ಯವೂ ಅವರಿಗೆ ಕಾಣುವುದಿಲ್ಲ.

2021ರಲ್ಲಿ ಪುಸ್ತಕವಾದ ಉತಾ ಇಸಾಕಿ ಅವರ ಮಂಗಾದ ನಾಯಕಿ ಚಿಕಾ. ಯಾರನ್ನೂ ಪ್ರೀತಿಸಲಾಗದ ತಾನು ಬೇರೆ ಗ್ರಹದವಳಿರಬಹುದೇ ಎಂದು ಯೋಚಿಸುವ ಹುಡುಗಿ ಅವಳು. ವಿಶ್ವವಿದ್ಯಾಲಯಕ್ಕೆ ಬಂದು ಮನಶ್ಶಾಸ್ತ್ರ ಓದುತ್ತಾ, ತನ್ನಂಥವರು ಇದೇ ಗ್ರಹದಲ್ಲಿ ಬೇಕಾದಷ್ಟು ಮಂದಿ ಇದ್ದಾರೆಂದು ಕಂಡುಕೊಳ್ಳುತ್ತಾಳೆ. ಹೊನಾಮಿ ಶಿರೊನೊ ಅವರ ಇನ್ನೊಂದು ಮಂಗಾದಲ್ಲಿ ಅಲೈಂಗಿಕಳಾದ ಯುರಿಕೊ, ಸಲಿಂಗಪ್ರೇಮಿಯಾದ ಗಾಕುರೋತಾನನ್ನು ಮದುವೆಯಾಗುತ್ತಾಳೆ. ಈ ಕಥೆ ಮದುವೆಯಿಂದ ಆರಂಭವಾಗುತ್ತದೆ ಎಂಬುದೇ ಒಂದು ಚಮತ್ಕಾರ. ಮನೆಯವರ ಸಮಾಧಾನಕ್ಕೆ ಜೊತೆಯಾದ ಇಬ್ಬರು ಸುಳ್ಳು ಹೇಳದೆ, ಒಬ್ಬರನ್ನೊಬ್ಬರು ತಿದ್ದಲು ಹೋಗದೆ ಒಂದೇ ಸೂರಿನಡಿ ಬಾಳುವುದು ಹೇಗೆಂಬುದೇ ಅದರ ಕಥಾವಸ್ತು.

ಎರಡು ಕಿರುತೆರೆಗಳು

ಇನ್ನು ನನ್ನ ವೃತ್ತಿಗೆ ಹತ್ತಿರದ ಮಾತು. ಬೆಂಗಳೂರಿನ ಲೆಂಡಿಂಗ್ ಲೈಬ್ರರಿಗಳಲ್ಲಿ ಆರ್ಚಿ ಕಾಮಿಕ್ಸ್ ಓದಿ ಬೆಳೆದವರಿಗೆ ಜಗ್‌ಹೆಡ್‌ನನ್ನು ಪರಿಚಯಿಸಬೇಕಿಲ್ಲ. ಕಿರೀಟದಂಥ ಟೋಪಿ, ಹ್ಯಾಂಬರ್ಗರ್ ಎಂದರೆ ಪ್ರಾಣ, ಹುಡುಗಿಯರೆಂದರೆ ದೂರ. 1941ರಲ್ಲಿ ಹುಟ್ಟಿದ ಈ ಪಾತ್ರವನ್ನು ಎಪ್ಪತ್ತಕ್ಕೂ ಹೆಚ್ಚು ವರ್ಷ ನಗೆಗಾಗಿ ಬಳಸಲಾಯಿತು. 2016ರಲ್ಲಿ ಲೇಖಕ ಚಿಪ್ ಜ಼ಡಾರ್ಸ್ಕಿ ಬರೆದ ಸಂಚಿಕೆಯೊಂದರಲ್ಲಿ ಅವನು ಅಲೈಂಗಿಕ ಎಂದು ಸ್ಪಷ್ಟವಾಗಿ ಹೇಳಲಾಯಿತು. ಮರುವರ್ಷವೇ ‘ರಿವರ್‌ಡೇಲ್’ ಎಂಬ ದೂರದರ್ಶನ ಧಾರಾವಾಹಿ ಬಂತು. ಜಗ್‌ಹೆಡ್‌ನ ಈ ಸ್ವಭಾವವನ್ನು ಉಳಿಸಿಕೊಳ್ಳಬೇಕೆಂದು ಪಾತ್ರಧಾರಿ ಕೋಲ್ ಸ್ಪ್ರೌಸ್ ವಾದಿಸಿದರೂ ಮೊದಲ ಸರಣಿಯಲ್ಲಿಯೇ ಅವನನ್ನು ಬೆಟ್ಟಿಯ ಪ್ರಿಯಕರನನ್ನಾಗಿ ಮಾಡಲಾಯಿತು. 1899ರ ರಂಗಮಂದಿರದಿಂದ 2017ರ ಕಿರುತೆರೆಯವರೆಗೆ ಕ್ರಮ ಬದಲಾಗಿರಲಿಲ್ಲ.

ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ 2022ರ ಜನವರಿಯಿಂದ ಮಾರ್ಚ್‌ವರೆಗೆ ‘ಕೋಯಿಸೆನು ಫುತಾರಿ’ ಎಂಬ ಎಂಟು ಕಂತುಗಳ ನಾಟಕವನ್ನು ಪ್ರಸಾರ ಮಾಡಿತು. ‘ಪ್ರೇಮಿಸದ ಇಬ್ಬರು’ ಎಂದು ಅದರ ಅರ್ಥ. ಸಕುಕೊ ಮತ್ತು ತಕಾಹಾಶಿ ಇಬ್ಬರಿಗೂ ಪ್ರೇಮವಾಗಲಿ ಕಾಮವಾಗಲಿ ಹುಟ್ಟುವುದಿಲ್ಲ. ಆದರೂ ಒಂಟಿಯಾಗಿ ಉಣ್ಣುವುದು ಬೇಸರವೆಂದು ಒಂದೇ ಮನೆಯಲ್ಲಿ ‘ತಾತ್ಕಾಲಿಕ ಕುಟುಂಬ’ ಹೂಡುತ್ತಾರೆ. ನೋಡುಗರು ಕಾಯುತ್ತಾರೆ, ಇಂದಲ್ಲ ನಾಳೆ ಇವರಲ್ಲಿ ಪ್ರೇಮ ಮೊಳೆಯುತ್ತದೆ ಎಂದು. ಮೊಳೆಯುವುದಿಲ್ಲ. ಕೊನೆಯ ಕಂತಿನಲ್ಲಿ ತಕಾಹಾಶಿ ತನಗಿಷ್ಟವಾದ ತರಕಾರಿಯ ಕೆಲಸಕ್ಕೆ ದೂರ ಹೋಗುತ್ತಾನೆ, ಸಕುಕೊ ಅವನ ಮನೆಯಲ್ಲೇ ಉಳಿಯುತ್ತಾಳೆ. ಬೇರೆ ಬೇರೆ ಊರಿನಲ್ಲಿದ್ದೂ ಅವರು ಕುಟುಂಬವೇ. ಈ ವಿಷಯ ಬಲ್ಲವರನ್ನು ಸಲಹೆಗಾರರನ್ನಾಗಿ ಕೂರಿಸಿಕೊಂಡು ಕಥೆ ಹೆಣೆದ ಎರಿಕಾ ಯೋಶಿದಾ ಅವರಿಗೆ ದೂರದರ್ಶನ ನಾಟಕ ರಚನೆಗೆ ಸಲ್ಲುವ ಕುನಿಕೊ ಮುಕೋದಾ ಪ್ರಶಸ್ತಿ ದೊರೆಯಿತು.

ವೀಕ್ಷಕರು ‘ಯಾಕೆ’ ಎಂದು ಕೇಳುತ್ತಾರೆಂಬ ಭಯ ಅಲ್ಲಿನ ನಿರ್ಮಾಪಕರಿಗೂ ಇದ್ದಿರಬೇಕು. ಆ ಪ್ರಶ್ನೆಯನ್ನು ಪಾತ್ರಗಳ ಅಪ್ಪಅಮ್ಮಂದಿರ, ಸಹೋದ್ಯೋಗಿಗಳ ಬಾಯಲ್ಲಿ ಕೇಳಿಸಿ, ಅದಕ್ಕೆ ‘ನಾವು ಹೀಗೇ’ ಎಂಬ ಉತ್ತರವೇ ಸಾಕೆಂದು ತೋರಿಸುವುದರಲ್ಲಿ ಅವರ ಜಾಣ್ಮೆಯಿದೆ.

ಓದುಗರೇ, ಒಂದು ಪಾತ್ರ ಕಥೆಯ ಕೊನೆಯಲ್ಲಿ ಏನಾಗುತ್ತದೆ ಎಂಬುದು ಬರಿಯ ಮನರಂಜನೆಯ ಪ್ರಶ್ನೆಯಲ್ಲ. ಮನೆಯ ನಡುಮನೆಯಲ್ಲಿ ಧಾರಾವಾಹಿ ಮುಗಿದು ದೀಪ ಆರಿಸುವ ಹೊತ್ತಿಗೆ, ‘ನೋಡು, ಅವಳೂ ಕೊನೆಗೆ ಒಪ್ಪಿಕೊಂಡಳು’ ಎಂದು ಹಿರಿಯರೊಬ್ಬರು ಮಗಳಿಗೋ ಮಗನಿಗೋ ಹೇಳುವುದುಂಟು. ಆ ಮಾತಿಗೆ ಬಲ ತುಂಬಿದವರು ನಾವು. ಒಪ್ಪಿಕೊಂಡವರ ಬಾಳಿನಲ್ಲಿ, ಅವರನ್ನು ಕೈಹಿಡಿದವರ ಬಾಳಿನಲ್ಲಿ ಮುಂದೆ ಏನಾಯಿತೆಂದು ತೋರಿಸಲು ಇನ್ನೊಂದು ಕಂತು ಇರುವುದಿಲ್ಲ.

ಆ ಕಾರ್ಡನ್ನು ನಾನಿನ್ನೂ ಇಟ್ಟುಕೊಂಡಿದ್ದೇನೆ. ಬರೆದ ಹಿರಿಯರು ಇದನ್ನು ಓದುವರೋ ಇಲ್ಲವೋ. ಓದಿದರೆ ಅವರಿಗೆ ಹೇಳಬೇಕಾದದ್ದು ಇಷ್ಟೇ: ಅಮ್ಮಾ, ನಿಮ್ಮ ಮಾತು ನಿಜ. ಆ ಶಿಕ್ಷಕಿ ಪಾಠ ಮುಗಿಸಿ, ಕೊಡೆ ಹಿಡಿದುಕೊಂಡು, ತನ್ನ ಮನೆಗೆ ನಡೆದು ಹೋಗುವಲ್ಲಿಗೇ ನಾವು ‘ಶುಭಂ’ ಹಾಕಬೇಕಾಗಿತ್ತು.